ಮನೆತನದ ಚಷ್ಮಾ ಎಂಬ ಸುಳ್ಳು ಸಮಾಧಾನ

“ಏನೂ ಆಗಿಲ್ರೀ, ಬರೇ ನಂಬರ್ ಐತಿ. ನಮ್ಮ ಮನಿತನದಾಗ ಎಲ್ಲಾರಿಗೂ ಹಿಂಗ ಐತಿ.” ನಾಲ್ಕೈದು ವರ್ಷದ ಮಗುವಿನ ಮೂಗಿನ ಮೇಲೆ ದಪ್ಪ ಗಾಜಿನ ಚಷ್ಮಾ ಕಂಡು ಯಾರಾದರೂ ವಿಚಾರಿಸಿದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಹೆತ್ತವರಿಂದ ಬರುವ ಉತ್ತರ ಇದು. ಅಜ್ಜನಿಗೂ ಇತ್ತು, ಅಪ್ಪನಿಗೂ ಇದೆ, ಕಾಕಾನ ಮಗನಿಗೂ ಬಂದಿದೆ. ಅಂದ ಮೇಲೆ ಚಿಂತೆ ಮಾಡುವಂಥದ್ದೇನಿದೆ ಎಂಬ ಧಾಟಿ. ಚಷ್ಮಾ ಅಂಗಡಿಯವರು ಇದಕ್ಕೆ ಹೌದೆನ್ನುತ್ತಾರೆ, ಶಾಲೆಯ ಮಾಸ್ತರರು ಹೌದೆನ್ನುತ್ತಾರೆ, ಗದ್ದಲದ ಒಪಿಡಿಯಲ್ಲಿ ಕುಳಿತ ಎಷ್ಟೋ ವೈದ್ಯರೂ ತಲೆಯಾಡಿಸಿ ಮುಂದಿನ ಚೀಟಿ ಕರೆಯುತ್ತಾರೆ. ಈ ಮಾತು ತಪ್ಪು. ಮಕ್ಕಳ ಕಣ್ಣು ಕಳೆಯುವಷ್ಟು ದೊಡ್ಡ ತಪ್ಪು. ಮನೆತನದಲ್ಲೇ ಇದೆ ಎಂದು ಗೊತ್ತಾದ ಕೂಡಲೇ ವಿಚಾರಣೆ ಶುರುವಾಗಬೇಕು. ನಾವು ಅಲ್ಲಿಗೇ ಮುಗಿಸಿ ಎದ್ದು ಬರುತ್ತಿದ್ದೇವೆ.

ಎಲ್ಲ ಚಷ್ಮಾದ ಮಾತೂ ಇದಲ್ಲ. ಮೂರನೇ ನಾಲ್ಕನೇ ಇಯತ್ತೆಗೆ ಬರುವಾಗ ಬೋರ್ಡ್ ಮಸುಕಾಗಿ, ಮೈನಸ್ ಒಂದರಿಂದ ಶುರುವಾಗಿ ವರ್ಷಕ್ಕಿಷ್ಟು ಏರುತ್ತ ಹೋಗುವ ಸಮೀಪದೃಷ್ಟಿ ಇಂದು ಊರೂರಲ್ಲಿದೆ. ಹೊರಗಿನ ಬೆಳಕಿಗೆ ಬಾರದೆ ಪುಸ್ತಕ, ಮೊಬೈಲ್ ಹಿಡಿದು ಕೂರುವುದೂ ಅದಕ್ಕೊಂದು ಕಾರಣ. ಆ ಮಕ್ಕಳಿಗೆ ಸರಿಯಾದ ಚಷ್ಮಾ, ವರ್ಷಕ್ಕೊಂದು ತಪಾಸಣೆ ಸಾಕು. ನನ್ನ ಜಗಳ ಇರುವುದು ಒಂದನೇ ಇಯತ್ತೆಗೆ ಹೆಸರು ಹಚ್ಚುವ ಮೊದಲೇ ಮೈನಸ್ ಆರು, ಎಂಟು, ಹತ್ತು ಬಂದ ಮಗುವಿನ ವಿಷಯದಲ್ಲಿ. ಆ ಕಣ್ಣು ಓದಿ ಕೆಟ್ಟದ್ದಲ್ಲ, ಅಕ್ಷರ ಕಲಿಯುವ ಮೊದಲೇ ಹಾಗಿತ್ತು. ಹತ್ತು ವರ್ಷದೊಳಗೇ ಇಷ್ಟು ದೊಡ್ಡ ನಂಬರ್ ಬಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಬ್ರಿಟನ್ನಿನ ವೈದ್ಯರು ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಬರೇ ನಂಬರ್ ಎಂದು ಹೇಳಬಹುದಾಗಿದ್ದ ಮಕ್ಕಳು ಅದರಲ್ಲಿ ನೂರಕ್ಕೆ ಎಂಟು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ದೇಹದ ಬೇರೊಂದು ಕಾಯಿಲೆ ಜೊತೆಗಿತ್ತು, ಉಳಿದವರಲ್ಲಿ ಕಣ್ಣಿನದೇ ಮತ್ತೊಂದು ದೋಷವಿತ್ತು. ಅವರೆಲ್ಲ ದೊಡ್ಡ ಆಸ್ಪತ್ರೆಗೆ ಕಳಿಸಲಾದ ಮಕ್ಕಳು, ಆದ್ದರಿಂದ ಊರಿನ ಲೆಕ್ಕ ಇಷ್ಟೇ ಇರಲಿಕ್ಕಿಲ್ಲ ಎಂದು ವಾದಿಸಬಹುದು. ವಾದಿಸಲಿ. ಎಂಟು ಹದಿನಾರಾದರೂ, ಇಪ್ಪತ್ತನಾಲ್ಕಾದರೂ “ಬರೇ ನಂಬರ್” ಎನ್ನುವ ಧೈರ್ಯ ಯಾರಿಗೂ ಬರಬಾರದು.

ಆ “ಬೇರೊಂದು ಕಾಯಿಲೆ”ಗಳಲ್ಲಿ ಮುಖ್ಯವಾದವು ಸಂಯೋಜಕ ಅಂಗಾಂಶದ ಆನುವಂಶಿಕ ದೋಷಗಳು. ಹೆಸರು ಭಾರವಾಗಿದೆ, ವಿಷಯ ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾದಷ್ಟು ಕಷ್ಟದ್ದಲ್ಲ. ಹಂದರದ ತಂತಿ ಸಡಿಲಾದರೆ ಒಂದೇ ಬಳ್ಳಿ ಜೋತು ಬೀಳುವುದಿಲ್ಲ, ಆ ತಂತಿ ಹಾದ ಸಾಲೆಲ್ಲ ಜೋಲುತ್ತದೆ. ದೇಹದಲ್ಲಿ ಆ ಕೆಲಸ ಮಾಡುವುದು ಕೊಲಾಜನ್, ಫೈಬ್ರಿಲಿನ್ ಮೊದಲಾದ ಪ್ರೋಟೀನುಗಳು. ಎರಡನೇ ಬಗೆಯ ಕೊಲಾಜನ್ ಕಣ್ಣುಗುಡ್ಡೆಯ ಒಳಗೆ ತುಂಬಿರುವ ತಿಳಿಲೋಳೆಯಲ್ಲಿದೆ, ಒಳಕಿವಿಯಲ್ಲಿದೆ, ಕೀಲುಗಳ ಮೃದುವಾದ ಎಲುಬಿನಲ್ಲಿದೆ. ಮಗು ಹೊಟ್ಟೆಯಲ್ಲಿರುವಾಗ ದವಡೆ ಬೆಳೆದು ಅಂಗುಳ ಕೂಡಿಕೊಳ್ಳುವುದಕ್ಕೂ ಅದು ಬೇಕು. ಅದನ್ನು ತಯಾರಿಸುವ ಜೀನಿನಲ್ಲಿ ತಪ್ಪಿದ್ದರೆ ಇಷ್ಟೂ ಜಾಗಗಳಲ್ಲಿ ಒಂದಲ್ಲ ಒಂದು ಕಡೆ ದೋಷ ತಲೆದೋರುತ್ತದೆ. ಕೆಲವು ಕುಟುಂಬಗಳಲ್ಲಿ ಕಣ್ಣಲ್ಲಿ ಮಾತ್ರ ತೋರುತ್ತದೆ. ಮೈ ನೋಡಿದರೆ ಏನೇನೂ ಗೊತ್ತಾಗುವುದಿಲ್ಲ.

ಇದಕ್ಕೆ ಸ್ಟಿಕ್ಲರ್ ಸಿಂಡ್ರೋಮ್ ಎಂದು ಹೆಸರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಮಕ್ಕಳ ವೈದ್ಯ ಗುನ್ನಾರ್ ಸ್ಟಿಕ್ಲರ್ 1965ರಲ್ಲಿ ಒಂದು ಮನೆತನದ ಐದು ತಲೆಮಾರುಗಳ ಕಥೆ ಜೋಡಿಸಿ ಇದನ್ನು ಲೋಕಕ್ಕೆ ತಿಳಿಸಿದರು. ಆ ಮನೆತನದವರು ಮೇಯೊ ವೈದ್ಯರಿಗೆ ಹೊಸಬರೇನಲ್ಲ. 1887ರಲ್ಲೇ ಅವರಲ್ಲೊಬ್ಬರನ್ನು ಅಲ್ಲಿಯ ವೈದ್ಯರು ನೋಡಿದ್ದರು. ಜಗತ್ತಿನ ಹೆಸರಾಂತ ದವಾಖಾನೆಯಲ್ಲೂ ಕಣ್ಣಿನ ತೊಂದರೆ, ಕೀಲಿನ ತೊಂದರೆ ಎಲ್ಲ ಒಂದೇ ಬೇರಿನದು ಎಂದು ಕೂಡಿಸಿ ನೋಡಲು ಮುಕ್ಕಾಲು ಶತಮಾನ ಬೇಕಾಯಿತು. ಅಷ್ಟು ಕಾಲ ಹಿಡಿದಿದ್ದು ಸಲಕರಣೆ ಇಲ್ಲದ್ದಕ್ಕಲ್ಲ, ಒಬ್ಬರನ್ನು ನೋಡಿದವರು ಮನೆಯವರೆಲ್ಲರನ್ನೂ ಒಟ್ಟಿಗೆ ಕೂರಿಸಿ ನೋಡಲಿಲ್ಲ ಎನ್ನುವುದಕ್ಕೆ. ಈಗ ಜೀನಿನ ಹೆಸರೂ ಗೊತ್ತಿದೆ, ತಡೆಯುವ ದಾರಿಯೂ ಗೊತ್ತಿದೆ. ಆದರೂ ನಾವು 1887ರಲ್ಲೇ ನಿಂತಿದ್ದೇವೆ.

ಈ ಮಕ್ಕಳ ನಂಬರ್ ಹುಟ್ಟಿನಿಂದಲೇ ದೊಡ್ಡದು. ಆಮೇಲೆ ಸಾಮಾನ್ಯವಾಗಿ ಹೆಚ್ಚೇನೂ ಏರುವುದಿಲ್ಲ. ಮೋಸ ಆಗುವುದು ಇಲ್ಲೇ. “ಈ ಸಲಾನೂ ನಂಬರ್ ಹಂಗ ಐತ್ರಿ, ಏರಿಲ್ಲ” ಎಂದು ಅಂಗಡಿಯವರು ಹೇಳುತ್ತಾರೆ, ತಾಯಿ ನಿಟ್ಟುಸಿರು ಬಿಡುತ್ತಾಳೆ. ಏರದ ನಂಬರಿನ ಹಿಂದೆ ಕಣ್ಣಿನ ಒಳಗೆ ಬೇರೆಯದೇ ನಡೆದಿರುತ್ತದೆ. ಕಣ್ಣೊಳಗಿನ ಲೋಳೆ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅಕ್ಷಿಪಟಲದ, ಜನ ಪರದಾ ಎನ್ನುವ ಆ ತೆಳು ಹಾಳೆಯ, ಅಂಚಿನಲ್ಲಿ ರಕ್ತನಾಳಗಳ ಗುಂಟ ಸವೆದ ಪಟ್ಟಿಗಳಿರುತ್ತವೆ. ಎಂದೋ ಒಂದು ದಿನ ಅಲ್ಲಿ ಹರಿಯುತ್ತದೆ. ಕೆಲವರಲ್ಲಿ ಸುತ್ತಳತೆಯ ಕಾಲು ಭಾಗಕ್ಕಿಂತ ಉದ್ದಕ್ಕೆ ಹರಿಯುತ್ತದೆ. ಆ ಬಿರುಕಿನಿಂದ ನೀರು ಹಿಂದಕ್ಕೆ ನುಗ್ಗಿ ಪರದಾ ಗೋಡೆ ಬಿಟ್ಟು ಕಳಚಿಕೊಳ್ಳುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ದೊಡ್ಡವರಾದರೆ “ಕಣ್ಣಾಗ ಮಿಂಚ ಹೊಡದಂಗ ಆಗಾಕತ್ತೈತಿ, ಕರೀ ಚುಕ್ಕಿ ಹಾರ್ತಾವ, ಒಂದ್ ಕಡೆಯಿಂದ ಕತ್ತಲಿ ಬರಾಕತ್ತೈತಿ” ಎಂದು ಹೇಳುತ್ತಾರೆ. ಐದು ವರ್ಷದ ಮಗು ಹೇಳುವುದಿಲ್ಲ. ಇನ್ನೊಂದು ಕಣ್ಣು ಕಾಣುತ್ತಿರುವ ತನಕ ಅದು ಓಡಾಡಿಕೊಂಡೇ ಇರುತ್ತದೆ. ಎರಡನೆಯದೂ ಕೈಕೊಟ್ಟ ದಿನ ಗೋಡೆ ಹಿಡಿದು ನಡೆಯತೊಡಗುತ್ತದೆ. ಆಗ ಹೆತ್ತವರು ಓಡುತ್ತಾರೆ, ಮಿರಜಕ್ಕೆ, ಸೊಲ್ಲಾಪುರಕ್ಕೆ, ಹುಬ್ಬಳ್ಳಿಗೆ, ಕಡೆಗೆ ಬೆಂಗಳೂರಿಗೆ. ಊರಿಗೆ ಮರಳಿದ ಮೇಲೆ ನೆರೆಹೊರೆಯವರಿಗೆ ಹೇಳುವುದು ಒಂದೇ ಮಾತು: “ಕಣ್ಣಿನ ನರ ಒಣಗ್ಯಾವಂತ್ರಿ.” ನರ ಒಣಗಿರಲಿಲ್ಲ. ಹರಿದ ಪರದಾವನ್ನು ಹರಿಯುವ ಮೊದಲು ಯಾರೂ ನೋಡಿರಲಿಲ್ಲ.

ನೋಡುವುದು ಎಂದರೆ ಏನು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತ ಆಗಲಿ, ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಎದುರಿಗೇ ಆಗಲಿ, ಚಷ್ಮಾ ಅಂಗಡಿಯ ಬೋರ್ಡಿನಲ್ಲಿ “ಕಂಪ್ಯೂಟರ್ ಕಣ್ಣಿನ ತಪಾಸಣೆ” ಎಂದು ಬರೆದಿರುತ್ತದೆ. “ಕಂಪ್ಯೂಟರ್ ಮ್ಯಾಲ ತೋರ್ಸೇವ್ರಿ” ಎಂದ ಮೇಲೆ ಎಲ್ಲ ತೋರಿಸಿದಂತೆಯೇ ಎಂದು ಜನ ನಂಬಿದ್ದಾರೆ. ಗದ್ದವಿಟ್ಟು ಕೂತರೆ ಚಿತ್ರ ತೋರಿಸಿ ಅರ್ಧ ನಿಮಿಷದಲ್ಲಿ ಚೀಟಿ ಕೊಡುವ ಆ ಯಂತ್ರಕ್ಕೆ ಗೊತ್ತಿರುವುದು ನಂಬರ್ ಮಾತ್ರ. ಪರದಾದ ಅಂಚು ಅದಕ್ಕೆ ಕಾಣುವುದೇ ಇಲ್ಲ.

ನಿಜವಾದ ಪರೀಕ್ಷೆ ಹೀಗೆ ನಡೆಯುತ್ತದೆ. ಮಗುವಿನ ಕಣ್ಣಿಗೆ ಹನಿ ಬಿಡುತ್ತಾರೆ. ಉರಿಯುತ್ತದೆ, ಮಗು ಅಳುತ್ತದೆ. ಅರ್ಧ ತಾಸು, ಮುಕ್ಕಾಲು ತಾಸು ಕಾಯಬೇಕು. ಕಣ್ಣಿನ ನಡುವಿನ ಕಪ್ಪು ಬೊಟ್ಟು ಅಗಲವಾಗುತ್ತದೆ. ಕೋಣೆ ಕತ್ತಲೆ ಮಾಡಿ, ತಲೆಗೆ ದೀಪದ ಪಟ್ಟಿ ಬಿಗಿದುಕೊಂಡು, ಬೆರಳ ತುದಿಯಲ್ಲಿ ದುಂಡನೆಯ ಮಸೂರ ಹಿಡಿದು ವೈದ್ಯರು ಬಗ್ಗುತ್ತಾರೆ. “ಮ್ಯಾಲ ನೋಡು ತಂಗೀ, ಈಗ ಕೆಳಗ, ಈಗ ನಿನ್ನ ಕಿವಿ ಕಡೆ.” ಒಂದೊಂದು ದಿಕ್ಕಿಗೂ ಒಂದೊಂದು ಅಂಚು ಬೆಳಕಿಗೆ ಬರುತ್ತದೆ. ತೀರಾ ತುದಿ ಕಾಣಬೇಕಾದರೆ ರೆಪ್ಪೆಯ ಮೇಲಿಂದ ಸಣ್ಣ ಲೋಹದ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತಾರೆ. ಒತ್ತಿದಲ್ಲಿ ಪರದಾ ಉಬ್ಬಿ ಒಳಬರುತ್ತದೆ. ಅಲ್ಲಿ ತೂತಿದ್ದರೆ, ಸವೆದ ಪಟ್ಟಿಯಿದ್ದರೆ, ಕಪ್ಪು ಕಟ್ಟಿದ್ದರೆ ಆಗಲೇ ಗೊತ್ತಾಗುವುದು. ತೀರಾ ಚಿಕ್ಕ ಮಗುವಾದರೆ ಅರಿವಳಿಕೆ ಕೊಟ್ಟು ಮಲಗಿಸಿ ನೋಡಬೇಕಾಗುತ್ತದೆ. ಇದರಲ್ಲಿ ದೇಶದಲ್ಲೆಲ್ಲೂ ಸಿಗದ ಯಂತ್ರ ಯಾವುದೂ ಇಲ್ಲ. 1984ರ ಅಲ್-ಅಮೀನ್, 1986ರ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ಹೀಗೆ ಎರಡು ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಎರಡರಲ್ಲೂ ಕಣ್ಣಿನ ವಿಭಾಗವಿದೆ. ಬೇಕಾದದ್ದು ಹನಿ, ದೀಪ, ಮಸೂರ, ಮತ್ತು ಒಂದು ಮಗುವಿಗೆ ಒಂದು ತಾಸು ಕೊಡಬೇಕೆನ್ನುವ ಮನಸ್ಸು.

ಸರ್ಕಾರದ ವ್ಯವಸ್ಥೆಯೂ ಈ “ನಂಬರ್ ಅಷ್ಟೇ” ಎಂಬ ನಂಬಿಕೆಯ ಮೇಲೇ ಕಟ್ಟಿಕೊಂಡಿದೆ. ಶಾಲೆಗಳಲ್ಲಿ ಕಣ್ಣಿನ ತಪಾಸಣೆಯ ಗುರಿ ದೃಷ್ಟಿ ಅಳೆದು ಪುಕ್ಕಟೆ ಚಷ್ಮಾ ಕೊಡುವುದು. ಒಳ್ಳೆಯ ಕೆಲಸ, ಬೇಡ ಎನ್ನುವುದಿಲ್ಲ. ಆದರೆ ಕಾರ್ಯಕ್ರಮದ ಯಶಸ್ಸನ್ನು ಹಂಚಿದ ಚಷ್ಮಾದ ಲೆಕ್ಕದಲ್ಲಿ ಹೇಳುವ ತನಕ, ಚಷ್ಮಾ ಕೊಟ್ಟ ದಿನವೇ ಆ ಮಗುವಿನ ಕಡತ ಮುಚ್ಚುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಹೋಗುತ್ತವೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆ ಹುಡುಕುವುದು ಅವರ ಹೊಣೆ. ಆ ಪಟ್ಟಿಯಲ್ಲಿ ಸೀಳುತುಟಿ-ಸೀಳಂಗುಳ ಒಂದು, ಕಿವುಡು ಒಂದು, ದೃಷ್ಟಿದೋಷ ಒಂದು. ಸ್ಟಿಕ್ಲರ್ ಇರುವ ಮಗುವಿನಲ್ಲಿ ಈ ಮೂರೂ ಒಟ್ಟಿಗೇ ಇರಬಹುದು. ಹುಟ್ಟುವಾಗ ದವಡೆ ಸಣ್ಣದಾಗಿ, ನಾಲಿಗೆ ಹಿಂದಕ್ಕೆ ಬಿದ್ದು, ಅಂಗುಳ ಸೀಳಿ, ಹಾಲು ಕುಡಿಯಲು ಒದ್ದಾಡುವ ಪಿಯರ್ ರಾಬಿನ್ ಲಕ್ಷಣದ ಹಿಂದೆ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಸಿಂಡ್ರೋಮ್ ಇದೇ. ಆ ಮಗುವಿಗೆ ಏನಾಗುತ್ತದೆ? ಅಂಗುಳದ ಆಪರೇಷನ್ನಿಗೆ ಒಂದು ಚೀಟಿ, ಕಿವಿಗೆ ಒಂದು ಚೀಟಿ, ಕಣ್ಣಿಗೆ ಒಂದು ಚೀಟಿ. ಮೂರು ಚೀಟಿ ಮೂರು ದಿಕ್ಕಿಗೆ ಹೋಗುತ್ತವೆ. ಅಂಗುಳ ಹೊಲಿದವರು ಕಣ್ಣು ಕೇಳುವುದಿಲ್ಲ, ಚಷ್ಮಾ ಕೊಟ್ಟವರು ಬಾಯಿ ತೆಗೆಸಿ ನೋಡುವುದಿಲ್ಲ. ಮೂವತ್ತೈದಕ್ಕೇ ಮೊಣಕಾಲು ಹಿಡಿದು ಕೂರುವ ಅಪ್ಪನನ್ನಂತೂ ಯಾರೂ ಕೇಳುವುದಿಲ್ಲ. ಹೊಲದ ಕೆಲಸ, ನೀರಿನ ಗುಣ ಎಂದು ಅವನ ನೋವಿಗೆ ಆಗಲೇ ಹೆಸರಿಟ್ಟಾಗಿದೆ. ಮಗುವಿನ ಕಣ್ಣನ್ನು ಉಳಿಸಬಹುದಾದ ಸುಳಿವು ಅವನ ಮೊಣಕಾಲಲ್ಲಿತ್ತು.

ಇನ್ನು ಹೃದಯದ ಮಾತು. 1896ರಲ್ಲಿ ಪ್ಯಾರಿಸ್ಸಿನ ಅಂತ್ವಾನ್ ಮಾರ್ಫಾನ್ ಉದ್ದ ಬೆರಳುಗಳ ಪುಟ್ಟ ಹುಡುಗಿಯೊಬ್ಬಳ ಬಗ್ಗೆ ಬರೆದ ಮೇಲೆ ಅವರ ಹೆಸರಿಗೆ ನಿಂತ ಕಾಯಿಲೆ ಮಾರ್ಫಾನ್ ಸಿಂಡ್ರೋಮ್. ಫೈಬ್ರಿಲಿನ್ ಜೀನಿನ ದೋಷ, 1991ರಲ್ಲಿ ಪತ್ತೆಯಾದದ್ದು. ಹುಡುಗ ಎತ್ತರ, ತೆಳ್ಳಗೆ, ಕೈಕಾಲು ಉದ್ದ. ಶಾಲೆಯ ವಾಲಿಬಾಲ್ ತಂಡಕ್ಕೆ ಮೊದಲು ಕರೆಯುವುದು ಅವನನ್ನೇ. ಚಷ್ಮಾ ದಪ್ಪ. ಇವರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿಗೆ ಕಣ್ಣಿನ ಮಸೂರ ಜಾಗ ಬಿಟ್ಟು ಸರಿಯುತ್ತದೆ, ಬಹುಮಟ್ಟಿಗೆ ಮೇಲಕ್ಕೆ. ಪರದಾ ಕಳಚುವ ಭಯವೂ ಇದೆ. ಆದರೆ ಕೊಲ್ಲುವುದು ಎದೆಯೊಳಗಿನ ಮಹಾಧಮನಿ. ಅದು ವರ್ಷ ವರ್ಷವೂ ಹಿಗ್ಗುತ್ತ ಹೋಗಿ ಒಂದು ದಿನ ಸೀಳುತ್ತದೆ. 1970ರ ದಶಕದ ಆರಂಭದಲ್ಲಿ ಈ ಕಾಯಿಲೆಯವರು ಸಾಯುತ್ತಿದ್ದ ಸರಾಸರಿ ವಯಸ್ಸು 32. ಇಂದು ಸಮಯಕ್ಕೆ ಪತ್ತೆಯಾಗಿ ಔಷಧ, ಆಪರೇಷನ್ ಸಿಕ್ಕವರು ಎಪ್ಪತ್ತರ ಆಸುಪಾಸಿಗೆ ಬದುಕುತ್ತಾರೆ. ಇಷ್ಟು ದೊಡ್ಡ ಅಂತರ ತಂದುಕೊಟ್ಟಿರುವುದು ಬೇಗ ಗುರುತಿಸುವುದು. ಗುರುತಿಸುವ ಮೊದಲ ಅವಕಾಶ ಎಷ್ಟೋ ಸಲ ಕಣ್ಣಿನ ವೈದ್ಯರದು. ಹನಿ ಹಾಕಿ ಮಸೂರದ ಅಂಚು ನೋಡಿದವರು “ಎದಿ ಎಕೋ ಮಾಡಿಸ್ಕೊಂಡ ಬರ್ರಿ” ಎಂದು ಒಂದು ಸಾಲು ಬರೆದರೆ ಒಂದು ಜೀವ ಉಳಿದೀತು. ನಂಬರ್ ಕೊಟ್ಟು ಕಳಿಸಿದರೆ, ಇಪ್ಪತ್ತೆಂಟರ ಗಂಡುಮಗ ಹೊಲದಲ್ಲಿ ಕುಸಿದು ಬಿದ್ದಾಗ ಊರವರು ಹಾರ್ಟ್ ಅಟ್ಯಾಕ್ ಎಂದು ಮಣ್ಣು ಮಾಡಿ ಬರುತ್ತಾರೆ.

ಮನೆತನದ ಸಮಾಧಾನವನ್ನು ಒಪ್ಪದ ಇನ್ನೊಂದು ಗುಂಪಿದೆ. ಓದಿದವರು, ಭಾಷಣ ಮಾಡುವವರು. ಅವರ ಉತ್ತರ ಇನ್ನೂ ಚಿಕ್ಕದು: “ಒಳಗೊಳಗ ಮದುವಿ ಮಾಡ್ಕೊಂಡ್ರ ಹಿಂಗ ಆಗ್ತದ.” ಅಕ್ಕನ ಮಗಳು, ಸೋದರಮಾವನ ಮಗಳು ಎಂದು ಸಂಬಂಧದಲ್ಲೇ ಹೆಣ್ಣು ತರುವುದು ನಮ್ಮ ಕಡೆ ಇಂದಿಗೂ ಸಾಮಾನ್ಯ. ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿರುವುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಅದರಿಂದ ಹೆಚ್ಚುವ ಕಾಯಿಲೆಗಳಿವೆ, ನಿಜ. ಆದರೆ ಸ್ಟಿಕ್ಲರ್ ಬಹುಪಾಲು, ಮಾರ್ಫಾನ್ ಹೆಚ್ಚುಕಡಿಮೆ ಪೂರ್ತಿ, ಒಬ್ಬರೇ ಹೆತ್ತವರಿಂದ ಬರುವಂಥವು. ತಂದೆಯಲ್ಲೋ ತಾಯಿಯಲ್ಲೋ ದೋಷವಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಸೊಸೆಯನ್ನು ಬೆಳಗಾವಿಯಿಂದ ತಂದರೂ ಅಷ್ಟೇ, ಅಕ್ಕನ ಮನೆಯಿಂದ ತಂದರೂ ಅಷ್ಟೇ. ಮಾರ್ಫಾನ್ ಇರುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಅದು ಹೆತ್ತವರಿಬ್ಬರಲ್ಲೂ ಇಲ್ಲದೆ ಹೊಸದಾಗಿಯೇ ಹುಟ್ಟಿಕೊಳ್ಳುತ್ತದೆ. ಹೀಗಿರುವಾಗ ಒಳಸಂಬಂಧದ ಮೇಲೆ ಹೊರಿಸುವ ಈ ಮಾತಿನಿಂದ ಎರಡು ಅನ್ಯಾಯ ಆಗುತ್ತಿವೆ. ಹೊರಗಿನ ಹೆಣ್ಣು ತಂದ ಮನೆಯವರು ತಮಗೇನೂ ಇಲ್ಲ ಎಂದು ಮೈಮರೆಯುತ್ತಾರೆ. ಸಂಬಂಧದಲ್ಲಿ ಬಂದ ಸೊಸೆ, ದೋಷ ಗಂಡನ ಕಡೆಯದಾಗಿದ್ದರೂ, ಹತ್ತು ಮಂದಿಯ ಎದುರು ತಲೆ ತಗ್ಗಿಸಿ ನಿಲ್ಲುತ್ತಾಳೆ.

ಸಂಬಂಧದ ಮದುವೆ ನಿಜಕ್ಕೂ ಲೆಕ್ಕಕ್ಕೆ ಬರುವ ಕಾಯಿಲೆಗಳಲ್ಲಾದರೂ ಆ ತಿಳಿವಳಿಕೆ ಕೆಲಸಕ್ಕೆ ಬಂದಿದೆಯೇ ಎಂದರೆ ಅದೂ ಇಲ್ಲ. ಹೋಮೋಸಿಸ್ಟಿನೂರಿಯಾ ಎಂಬ ಕಾಯಿಲೆ ಇಬ್ಬರೂ ಹೆತ್ತವರಿಂದ ದೋಷದ ಜೀನು ಬಂದಾಗ ಮಾತ್ರ ತೋರುತ್ತದೆ. ನೋಡಲು ಮಾರ್ಫಾನಿನಂತೆಯೇ, ಮಸೂರ ಮಾತ್ರ ಹೆಚ್ಚಾಗಿ ಕೆಳಕ್ಕೆ ಜಾರುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟೆಂದರೆ, ಕಾಯಿಲೆ ಗೊತ್ತಿಲ್ಲದೆ ಅರಿವಳಿಕೆ ಕೊಟ್ಟು ಕಣ್ಣಿನ ಆಪರೇಷನ್ ಮಾಡುವುದೇ ಪ್ರಾಣಕ್ಕೆ ಬರಬಹುದು. ಅದನ್ನು ಹಿಡಿಯಲು ರಕ್ತದ ಒಂದು ಪರೀಕ್ಷೆ ಸಾಕು. ಅರ್ಧದಷ್ಟು ರೋಗಿಗಳಿಗೆ ಬಿ6 ಜೀವಸತ್ವದ ಗುಳಿಗೆಯಿಂದಲೇ ಅನುಕೂಲವಾಗುತ್ತದೆ. ಇನ್ನೊಂದು, ಸ್ಯೂಡೋಝ್ಯಾಂಥೋಮಾ ಇಲಾಸ್ಟಿಕಮ್. ಕತ್ತಿನ, ಕಂಕುಳಿನ ಚರ್ಮ ಹಳದಿ ಗುಳ್ಳೆಗಳಾಗಿ ಸಡಿಲವಾಗುತ್ತದೆ, ಕಣ್ಣೊಳಗೆ ಪರದಾದ ಹಿಂದಿನ ಪೊರೆ ಬಿರುಕು ಬಿಡುತ್ತದೆ, ಆಟದಲ್ಲಿ ಬಿದ್ದ ಸಣ್ಣ ಏಟಿಗೂ ಒಳಗೆ ರಕ್ತ ಸೋರಬಹುದು. ಕಾಲರ್ ಸರಿಸಿ ಕತ್ತು ನೋಡುವ ಕಣ್ಣಿನ ವೈದ್ಯರು ನಮಗೆ ಬೇಕು. ಸಂಬಂಧದಲ್ಲಿ ಮದುವೆಯಾದವರನ್ನು ಕಂಡಾಗ ಯಾವ ಪರೀಕ್ಷೆ ಬರೆಯಬೇಕು ಎಂದು ಯೋಚಿಸುವುದು ವೈದ್ಯಕೀಯ. ಬೈದು ಕಳಿಸುವುದು ವೈದ್ಯಕೀಯವಲ್ಲ.

ನನ್ನೊಡನೆ ವಾದಕ್ಕೆ ನಿಲ್ಲುವವರ ಗಟ್ಟಿ ಮಾತು ಬೇರೆಯೇ ಇದೆ: “ಹೆಸರ ಇಟ್ಟ ಮ್ಯಾಲೆ ಹುಡುಗಿ ಮದುವಿ ಹೆಂಗ್ರೀ?” ಇದನ್ನು ಹಗುರವಾಗಿ ತಳ್ಳಿಹಾಕುವ ಅಧಿಕಾರ ನನಗಿಲ್ಲ. ಬೀಗರ ಮನೆಯಲ್ಲಿ ಒಂದು ಪಿಸುಮಾತು ಸಾಕು, ಸಂಬಂಧ ಮುರಿಯುತ್ತದೆ; ಒಬ್ಬಳದು ಮುರಿದರೆ ತಂಗಿಯರದೂ ತಡವಾಗುತ್ತದೆ. ಆ ಭಯ ನಿಜ. ಅದಕ್ಕೆ ಜನ ಕಂಡುಕೊಂಡಿರುವ ಉಪಾಯ ಲೇಸರ್. ನಿಶ್ಚಯದ ಮೊದಲು ಹುಡುಗಿಯ ಚಷ್ಮಾ “ತೆಗೆಸಿ” ಬಿಡುತ್ತಾರೆ. ಲೇಸರ್ ಕೆತ್ತುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು. ಕಣ್ಣುಗುಡ್ಡೆಯ ಉದ್ದ ಹಾಗೇ ಇರುತ್ತದೆ, ಒಳಗಿನ ಲೋಳೆ ಹಾಗೇ, ಸವೆದ ಅಂಚು ಹಾಗೇ. ಹೋದದ್ದು ಮುಖದ ಮೇಲಿನ ಗುರುತು ಮಾತ್ರ. ಮುಂದೆ ಹತ್ತು ವರ್ಷಕ್ಕೆ ಕಣ್ಣಲ್ಲಿ ಮಿಂಚು ಹೊಡೆದಾಗ ಆಕೆಗೆ ದೊಡ್ಡ ಮೈನಸ್ ಇತ್ತೆಂದು ಹೇಳುವವರೂ ಅಲ್ಲಿರುವುದಿಲ್ಲ. ಮಾರ್ಫಾನ್ ಇರುವ ಹುಡುಗಿಯಾದರೆ ಮುಚ್ಚಿಟ್ಟದ್ದು ಇನ್ನೂ ಕ್ರೂರವಾಗುತ್ತದೆ. ಹಿಗ್ಗಿದ ಮಹಾಧಮನಿ ಇಟ್ಟುಕೊಂಡು ಬಸಿರಾದರೆ ಅದು ಸೀಳುವ ಅಪಾಯ ಏರುತ್ತದೆ. ಮದುವೆ ಉಳಿಸಲು ಮುಚ್ಚಿಟ್ಟ ಸಂಗತಿ ಹೆರಿಗೆಯ ಹೊತ್ತಿಗೆ ಅವಳ ಜೀವವನ್ನೇ ಕೇಳಬಹುದು. ಗೊತ್ತಿದ್ದರೆ ಎಕೋ ಮಾಡಿ, ಔಷಧ ಕೊಟ್ಟು, ಎಲ್ಲಿ ಹೆರಿಗೆ ಆಗಬೇಕೆಂದು ಮೊದಲೇ ನಿಶ್ಚಯಿಸಬಹುದು. ಮಗಳ ಮರ್ಯಾದೆ ಮುಖ್ಯ ಎನ್ನುವ ಅಪ್ಪನಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ಊರಿಗೆ ಹೇಳಬೇಡಿ, ವೈದ್ಯರಿಗೆ ಹೇಳಿ.

ಅಪರೂಪದ ಕಾಯಿಲೆಗೆ ಇಷ್ಟೊಂದು ಗಲಾಟೆಯೇಕೆ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಮಾರ್ಫಾನ್ ಸುಮಾರು 5,000 ಜನರಲ್ಲಿ ಒಬ್ಬರಿಗೆ, ಸ್ಟಿಕ್ಲರ್ ಹುಟ್ಟುವ 7,500ರಿಂದ 9,000 ಮಕ್ಕಳಲ್ಲಿ ಒಂದಕ್ಕೆ ಎಂಬುದು ಸಾಮಾನ್ಯ ಅಂದಾಜು. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಜನ 21.77 ಲಕ್ಷ. ಆ ಅಂದಾಜನ್ನು ಇಲ್ಲಿಗೆ ಹಚ್ಚಿದರೆ ಮಾರ್ಫಾನ್ ನಾನೂರು ಚಿಲ್ಲರೆ, ಸ್ಟಿಕ್ಲರ್ ಇನ್ನೂರ ನಲವತ್ತರ ಮೇಲೆ. ಎರಡೂ ಕೂಡಿ ಆರೇಳು ನೂರು ಮಂದಿ, ಈ ಒಂದೇ ಜಿಲ್ಲೆಯಲ್ಲಿ. ಅವರೆಲ್ಲಿದ್ದಾರೆ? ಚಷ್ಮಾ ಅಂಗಡಿಯ ರಸೀದಿ ಪುಸ್ತಕದಲ್ಲಿದ್ದಾರೆ, ಅಂಗುಳದ ಆಪರೇಷನ್ ಶಿಬಿರದ ಪಟ್ಟಿಯಲ್ಲಿದ್ದಾರೆ, ಕುರುಡರ ಪಿಂಚಣಿಯ ಅರ್ಜಿಗಳಲ್ಲಿದ್ದಾರೆ. ಬೇರೆ ಬೇರೆ ಹೆಸರಿನಡಿ ಚದುರಿ ಹೋಗಿರುವುದರಿಂದ ಅಪರೂಪ ಎಂದು ನಮಗೆ ತೋರುತ್ತದೆ.

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ಕಾಯಿಲೆಗೂ ಹಚ್ಚಿ, ಆನುವಂಶಿಕ ಎಂದರೆ ಮಾಡುವುದೇನೂ ಇಲ್ಲ ಎಂದು ಕೈಚೆಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಪರದಾ ಕಳಚಿದರೆ ಕಣ್ಣು ಹೋಯಿತೆಂದೇ ಜಗತ್ತೆಲ್ಲ ನಂಬಿದ್ದ ಕಾಲವಿತ್ತು. ಸ್ವಿಟ್ಜರ್ಲೆಂಡಿನ ಲೋಜಾನ್ ನಗರದ ಜೂಲ್ ಗೊನಿನ್ 1920ರ ದಶಕದಲ್ಲಿ ಎಲ್ಲರ ವಿರೋಧದ ನಡುವೆ ತೋರಿಸಿದ್ದು ಒಂದೇ ಸಂಗತಿ: ಮೂಲ ಇರುವುದು ಬಿರುಕಿನಲ್ಲಿ, ಬಿರುಕು ಮುಚ್ಚಿದರೆ ಪರದಾ ಕೂರುತ್ತದೆ. ಇಂದು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಸ್ಟಿಕ್ಲರ್ ಇರುವವರಲ್ಲಿ ಬಿರುಕು ಬೀಳುವ ಮೊದಲೇ ಅಂಚಿನ ಸುತ್ತಲೂ ಶೀತದ ಚಿಕಿತ್ಸೆಯಿಂದ ಪರದಾವನ್ನು ಗೋಡೆಗೆ ಅಂಟಿಸಿಡುವ ಕ್ರಮ ಕೇಂಬ್ರಿಡ್ಜ್‌ನಲ್ಲಿ ಬೆಳೆಯಿತು. ಅಲ್ಲಿನ ವೈದ್ಯರು 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಇದನ್ನು ಮಾಡಿಸಿಕೊಳ್ಳದ ಮೊದಲನೇ ಬಗೆಯ ಸ್ಟಿಕ್ಲರ್ ರೋಗಿಗಳಲ್ಲಿ ನೂರಕ್ಕೆ 73 ಮಂದಿಗೆ ಪರದಾ ಕಳಚಿತ್ತು. ಎರಡೂ ಕಣ್ಣಿಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 8 ಮಂದಿಗೆ. ಹಳೆಯ ಕಡತ ತೆಗೆದು ಮಾಡಿದ ಲೆಕ್ಕ ಇದು, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಶೀತಕ್ಕಿಂತ ಲೇಸರ್ ಮೇಲು ಎನ್ನುವ ವೈದ್ಯರೂ ಇದ್ದಾರೆ. ಆ ಚರ್ಚೆ ನಡೆಯಲಿ. ಆದರೆ 73 ಎಲ್ಲಿ, 8 ಎಲ್ಲಿ! ಇಷ್ಟು ಅಂತರ ಕಂಡ ಮೇಲೂ ಹಣೆಬರಹ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಬಬಲೇಶ್ವರದಂಥ ಹೊಸ ತಾಲ್ಲೂಕಿಗೆ ಪರದಾದ ತಜ್ಞರನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಾಗಿದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಪರದಾ ಕೆಡದಂತೆ ಕಾಯಲು ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ 2008ರಲ್ಲಿ ಕಿಡ್‌ರಾಪ್ ಯೋಜನೆ ಶುರುಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗುತ್ತಾರೆ, ಕೂಸಿನ ಕಣ್ಣೊಳಗಿನ ಚಿತ್ರ ತೆಗೆದು ಕಳಿಸುತ್ತಾರೆ, ತಜ್ಞರು ದೂರದಿಂದಲೇ ನೋಡಿ ಯಾವ ಕೂಸಿಗೆ ಚಿಕಿತ್ಸೆ ಬೇಕೆಂದು ಹೇಳುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಅದು ಬಂತು. ಎರಡು ಕಿಲೋ ತೂಕವಿಲ್ಲದ ಕೂಸಿನ ಪರದಾ ಜಿಲ್ಲೆಯಿಂದ ಬೆಂಗಳೂರಿಗೆ ಮುಟ್ಟಬಹುದಾದರೆ, ಅಂಗನವಾಡಿಗೆ ಬರುವ ನಾಲ್ಕು ವರ್ಷದ ಮಗುವಿನದು ಮುಟ್ಟಲಾರದೇ? ಜೀನ್ ಪರೀಕ್ಷೆ ಬೇಕಾದರೆ, ಕುಟುಂಬಕ್ಕೆ ಕೂರಿಸಿ ತಿಳಿಹೇಳಬೇಕಾದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಆದರೆ ಅದು ಎರಡನೇ ಮೆಟ್ಟಿಲು. ಜೀನ್ ಪರೀಕ್ಷೆಗೆ ದುಡ್ಡಿಲ್ಲ ಎಂಬ ನೆಪದಲ್ಲಿ ಹನಿ ಹಾಕುವುದನ್ನು ತಪ್ಪಿಸಬಾರದು.

ಬದಲಾಗಬೇಕಾದದ್ದು ಮೊದಲು ಚೀಟಿಯಲ್ಲಿ. ಆರು ವರ್ಷದೊಳಗಿನ ಮಗುವಿಗೆ ಮೈನಸ್ ಆರರ ಮೇಲೆ ನಂಬರ್ ಬಂದರೆ, ಅಂಗಡಿಯವರಾಗಲಿ ಶಾಲೆಯ ತಂಡವಾಗಲಿ, ಚಷ್ಮಾ ಕೊಡುವುದರ ಜೊತೆಗೆ ಹನಿ ಹಾಕಿ ಪರದಾ ನೋಡಿಸಲು ಬರೆದು ಕಳಿಸಲೇಬೇಕು. ನೋಡುವ ವೈದ್ಯರು ಬಾಯಿ ತೆಗೆಸಿ ಅಂಗುಳ ನೋಡಲಿ, ಬೆರಳು ಹಿಂದಕ್ಕೆ ಬಾಗಿಸಲಿ, ಕಿವಿ ಪರೀಕ್ಷೆಗೆ ಬರೆಯಲಿ. ಮುಷ್ಟಿಯೊಳಗೆ ಮಡಿಸಿದ ಹೆಬ್ಬೆರಳು ಅಂಗೈ ದಾಟಿ ಆಚೆ ಬಂದರೆ ಎದೆಯ ಎಕೋ ಬರೆಯಲಿ. ಎದುರಿಗೆ ಕುಳಿತ ಅಪ್ಪ “ನಮ್ಮ ಮನಿತನದಾಗ ಎಲ್ಲಾರಿಗೂ ಐತ್ರಿ” ಅಂದಾಗ ಪೆನ್ನು ಕೆಳಗಿಡಬಾರದು. ಯಾರ‍್ಯಾರಿಗೆ, ಎಷ್ಟನೇ ವಯಸ್ಸಿಗೆ, ಯಾರ ಕಣ್ಣು ಹೋಯಿತು, ಯಾರು ಚಿಕ್ಕ ವಯಸ್ಸಿಗೇ ತೀರಿಕೊಂಡರು ಎಂದು ಅಜ್ಜನ ಕಾಲದಿಂದ ಬರೆದುಕೊಳ್ಳಬೇಕು. ಅಪ್ಪನ ಕಣ್ಣಿಗೂ ಅದೇ ದಿನ ಹನಿ ಬೀಳಬೇಕು, ತಮ್ಮನ ಕಣ್ಣಿಗೂ ಬೀಳಬೇಕು.

ಆ ಪಟ್ಟಿಯಲ್ಲಿ ಯಾವಾಗಲೂ ಬಿಟ್ಟುಹೋಗುವವಳು ಕೊಟ್ಟ ಮನೆಯಲ್ಲಿರುವ ಹೆಣ್ಣುಮಗಳು. ಮನೆತನದಲ್ಲಿ ಯಾರಿಗೆಲ್ಲ ಇದೆ ಎಂದರೆ ಗಂಡಸರ ಹೆಸರು ಹೇಳಿ ಮುಗಿಸುತ್ತಾರೆ. ಅಥಣಿಗೋ ಜಮಖಂಡಿಗೋ ಕೊಟ್ಟ ಮಗಳ ಹೆಸರು ಬರುವುದಿಲ್ಲ, ಅವಳು ಈಗ ಬೇರೆ ಮನೆಯವಳು. ಅವಳಿಗೂ ಅರ್ಧಕ್ಕರ್ಧ ಸಂಭವ ಇತ್ತು. ಅವಳ ಮಕ್ಕಳು ಇನ್ನೊಂದು ಅಡ್ಡಹೆಸರಿನಲ್ಲಿ, ಇನ್ನೊಂದು ಜಿಲ್ಲೆಯ ಅಂಗನವಾಡಿಯಲ್ಲಿ ಬೆಳೆಯುತ್ತಿದ್ದಾರೆ, ಅಲ್ಲಿ ಅವರ ಅಜ್ಜನ ಕಣ್ಣಿನ ಕಥೆ ಯಾರಿಗೂ ಗೊತ್ತಿಲ್ಲ. ತಮ್ಮನ ಪರದಾದಲ್ಲಿ ಸವೆದ ಪಟ್ಟಿ ಸಿಕ್ಕ ದಿನ ಮೊದಲ ಫೋನು ಆ ಅಕ್ಕನಿಗೆ ಹೋಗಬೇಕು: ಕೂಸಿಗೆ ವರ್ಷ ತುಂಬುವುದರೊಳಗೆ ಕಣ್ಣಿಗೆ ಹನಿ ಹಾಕಿಸಿ ತೋರಿಸು, ನಿನ್ನ ಕಣ್ಣನ್ನೂ ತೋರಿಸು, ಈ ಚೀಟಿಯ ಫೋಟೊ ಕಳಿಸಿದ್ದೇನೆ, ಅಲ್ಲಿಯ ಡಾಕ್ಟರಿಗೆ ಇದನ್ನೇ ಕೊಡು ಎಂದು.